ನಾಲ್ಕು ಥರದ ಲಂಗ ಮತ್ತು ಮಾವನವರ ಮಂಚ

ಒಂದೇ ಬಟ್ಟೆಯನ್ನು ನಾಲ್ಕು ಥರ ತೊಡಬಹುದು ಎಂದು ಹೇಳಿಕೊಂಡು ವ್ಯಾಪಾರ ಮಾಡುವವರ ಮನೆಯಲ್ಲಿ, ಎಷ್ಟೇ ಎಚ್ಚರದಿಂದಿದ್ದರೂ, ಆಗಾಗ ಇಂಥದ್ದೊಂದು ನಡೆದೇ ನಡೆಯುತ್ತದೆ. ಇದನ್ನೆಲ್ಲ ಬರೆದಿಡು ಎಂದವರು ನಮ್ಮ ಮನೆಯವರು, ಅಂದರೆ ನನ್ನ ಗಂಡ. ನಾನು ಇದುವರೆಗೆ ಬರೆದದ್ದೆಂದರೆ ಬಟ್ಟೆಗೆ ಕಟ್ಟುವ ಚೀಟಿ ಮಾತ್ರ. ‘ಮೊದಲು ಎಡಗಡೆಯ ಕುಣಿಕೆಯನ್ನು ಬಲಗಡೆಯ ಗುಂಡಿಗೆ ಹಾಕಿರಿ’ ಎಂಬಂಥದ್ದು. ಹಾಗಾಗಿ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುವ ಚಟ ಇಲ್ಲಿಗೂ ಬಂದರೆ ಓದುವವರು ಸಹಿಸಿಕೊಳ್ಳಬೇಕು.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಬಾಗಲಕೋಟೆ ಕಡೆಯವರು, ಪುಣೆಯ ಬಿಬವೇವಾಡಿಯಲ್ಲಿ ಇರುತ್ತೇವೆ. ನಾನು ಚಾಕಣದ ಒಂದು ಕಾರ್ಖಾನೆಯಲ್ಲಿ ಕಾರಿನ ಸೀಟಿಗೆ ಹಾಕುವ ಕವರುಗಳ ನಮೂನೆ ಮಾಡುತ್ತಿದ್ದೆ. ಹೋಗಿ ಬರುವ ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆಯುತ್ತಿದೆ ಎನ್ನಿಸಿ ಕೆಲಸ ಬಿಟ್ಟೆ. ಹೆಣ್ಣುಮಕ್ಕಳ ಬಟ್ಟೆ ಮಾಡತೊಡಗಿದೆ. ಬರೀ ಬಟ್ಟೆಯಲ್ಲ. ಗುಂಡಿ ಬದಲಿಸಿದರೆ ಲಂಗವೇ ಕುರ್ತಾ ಆಗಬೇಕು, ದಾರ ಎಳೆದರೆ ಕುರ್ತಾ ಜಾಕೀಟು ಆಗಬೇಕು, ಅಂಥದ್ದು. ಕಪಾಟು ಸಣ್ಣದು, ಹೋಗಬೇಕಾದ ಜಾಗ ಹತ್ತಾರು ಇರುವ ಹೆಣ್ಣುಮಕ್ಕಳಿಗೆ ಇದು ಬೇಕೇ ಬೇಕು ಎಂಬುದು ನನ್ನ ನಂಬಿಕೆ. ಮೊದಮೊದಲು ಕಾರ್ಖಾನೆಯ ಅಭ್ಯಾಸಬಲದಿಂದ ಹೊಲಿಗೆ ಎಷ್ಟು ಗಟ್ಟಿಯಾಗಿ ಬರುತ್ತಿತ್ತೆಂದರೆ, ಒಬ್ಬ ಗೆಳತಿ ತೊಟ್ಟು ನೋಡಿ, ‘ಆರಾಮ ಅದ, ಆದ್ರ ಗಾಡಿ ಲೋನಾವಳಾ ದಾಟೂ ತನಕ ಇಳೀಬಾರದು ಅನಸ್ತದ’ ಎಂದಳು.

ಯಂತ್ರ, ಕತ್ತರಿಸುವ ಮೇಜು ಇಡಲು ಜಾಗ ಬೇಕಲ್ಲ, ಮನೆಯ ಮುಂದಿನ ಖೋಲಿ, ಅಂದರೆ ಕೋಣೆ, ಕೇಳಿದೆ. ಅದು ನನ್ನ ಮಾವನವರ ಖೋಲಿ. ಅವರು ಮಾರ್ಕೆಟ್ ಯಾರ್ಡಿನ ಕಾಳುಕಡಿ ಅಂಗಡಿಯಲ್ಲಿ ಗುಮಾಸ್ತರಾಗಿ ದುಡಿದವರು. ಈಗ ಕಿಟಕಿ ಪಕ್ಕ ಮಂಚ ಹಾಕಿಕೊಂಡು, ರಸ್ತೆಯಲ್ಲಿ ಹೋಗಿ ಬರುವವರನ್ನು ನೋಡುತ್ತ ಆರಾಮಾಗಿದ್ದರು. ಒಂದು ದಿನ ಪೂರ್ತಿ ಯೋಚಿಸಿ ಹೇಳಿದರು:

"ದೀಪಾವಳಿ ಮಟ ಬಿಟ್ಟು ಕೊಡ್ತೀನವಾ. ಅಷ್ಟರಾಗ ನಿನ್ನ ಧಂಧೆ ಹತ್ತಿದ್ರ ಖೋಲಿ ನಿಂದು. ಹತ್ತಲಿಲ್ಲಂದ್ರ ನನ್ನ ಮಂಚ ನನ್ನ ಜಾಗಕ್ಕ."

ಮಂಚ ಅಡುಗೆಮನೆ ಪಕ್ಕದ ಪ್ಯಾಸೇಜಿಗೆ ಹೋಯಿತು. ಅಲ್ಲಿ ಅವರ ತಲೆಯ ಹತ್ತಿರವೇ ಫ್ರಿಜ್ಜು. ಅದು ಗುರ್ರ್ ಎಂದಾಗಲೆಲ್ಲ ಮಾವನವರು ಫ್ರಿಜ್ಜನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

೧. ಅತ್ತೆಯವರ ತಪಾಸಣೆ

ಮೊದಲನೆಯ ಬಟ್ಟೆ ಮುಗಿದ ದಿನ ಅದನ್ನು ತೋರಿಸಲು ಅಡುಗೆಮನೆಗೇ ಹೋದೆ. ನನ್ನ ಅತ್ತೆ ಹುಟ್ಟಾ ಇಳಕಲ್ ಸೀರೆಯವರು. ಒಲೆಯ ಮುಂದೆ ನಿಂತೇ ಕೇಳಿದರು:

"ಏನೇನ್ ಆಗ್ತದ ಇದರಾಗ?"

"ನಾಲ್ಕು ಆಗ್ತದ್ರೀ ಅತ್ತಿ. ಲಂಗ, ಕುರ್ತಾ, ಜಾಕೀಟು, ಮ್ಯಾಲೆ ಹೊಚ್ಚಿಕೊಳ್ಳೋ ಶಾಲು."

"ಹೌದೇನು" ಎಂದು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. ಅದೇ ಸೆರಗಿನಿಂದ ಹಾಲಿನ ಪಾತ್ರೆ ಇಳಿಸಿದರು. ತುದಿಯ ಗಂಟು ಬಿಚ್ಚಿ ಕಪಾಟಿನ ಕೀಲಿ ತೆಗೆದು, ಮತ್ತೆ ಗಂಟು ಹಾಕಿದರು. ಅಷ್ಟರಲ್ಲಿ ಮಾವನವರ ಅಣ್ಣ ಊರಿನಿಂದ ವಿಡಿಯೋ ಕಾಲ್ ಮಾಡಿದರು. ದೊಡ್ಡವರ ಮುಂದೆ ತಲೆ ಮೇಲೆ ಸೆರಗು ಇರಬೇಕೆಂಬುದು ನಮ್ಮ ಕಡೆಯ ಪದ್ಧತಿ. ಫೋನಿನಲ್ಲಿ ಮುಖ ಮೂಡುವ ಮೊದಲೇ ಸೆರಗು ತಲೆಗೆ ಹೋಗಿತ್ತು. ನಾನು ನಾಲ್ಕು ಥರ ಎಂದು ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ.

ಫೋನು ಇಟ್ಟ ಮೇಲೆ ಅವರು ನನ್ನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಇದು ಬಿಸಿ ಭಾಂಡೆ ಇಳಸ್ತದೇನು?"

"ಇಲ್ರೀ. ಬಿಸಿ ತಾಗಿದ್ರ ಕರಗ್ತದ."

ನನ್ನ ಮುಖ ಸಪ್ಪಗಾದದ್ದು ಕಂಡು ಅತ್ತೆಗೆ ಕನಿಕರ ಬಂತೆಂದು ತೋರುತ್ತದೆ. ಸಮಾಧಾನದ ದನಿಯಲ್ಲಿ ಹೇಳಿದರು, "ಅದಕ್ಯಾಕ ಚಿಂತಿ ಮಾಡ್ತಿ. ಇದನ್ನ ಉಟಗೊಂಡು ಅಡಗಿ ಮನಿಗೆ ಹೋಗಬಾರದು ಅಂತ ಚೀಟಿ ಮ್ಯಾಲೆ ಬರಿ. ಹುಡುಗ್ಯಾರು ಓಡಿ ಬಂದು ತಗೋತಾರ."

೨. ಯೆರವಡಾದಿಂದ ಬಂದ ಫೋನು

ಆಮೇಲೆ ನಾನು ಹತ್ತಿ ಬಟ್ಟೆಗೇ ಬಂದೆ. ನನ್ನ ಮೊದಲ ಗಿರಾಕಿ, ಯೆರವಡಾದ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ. ಬೆಳಗ್ಗೆ ಆಫೀಸಿಗೆ ಕುರ್ತಾ, ಸಂಜೆ ಪಾರ್ಟಿಗೆ ಗೌನು ಆಗುವಂಥದ್ದನ್ನು ಕೊಂಡಿದ್ದಳು. ಒಂದು ಸಂಜೆ ಅವಳ ಫೋನು ಬಂತು. ದನಿ ಬಾವಿಯೊಳಗಿಂದ ಬಂದಂತಿತ್ತು.

"ಅಕ್ಕ, ಪ್ಲೀಸ್ ಹೆಲ್ಪ್ ಮಾಡಿ. ಪಾರ್ಟಿ ಆಲ್ರೆಡಿ ಸ್ಟಾರ್ಟ್ ಆಗಿದೆ, ನಾನಿನ್ನೂ ವಾಶ್‌ರೂಮಲ್ಲೇ ಇದೀನಿ."

"ಗಾಬರಿ ಆಗಬ್ಯಾಡ್ರಿ. ಎಡಗಡೆ ಕುಣಿಕಿ ಹಿಡಕೊಳ್ರಿ."

"ಯಾವ ಎಡ? ನಂದಾ, ಕನ್ನಡೀಲಿರೋಳ್ದಾ?"

"ನಿಮ್ದ."

"ಹಿಡ್ಕೊಂಡೆ. ಆದ್ರೆ ತಲೆ ಹೋಗೋ ತೂತು ಎರಡಿದೆ ಅಕ್ಕ."

"ಎರಡಿಲ್ರೀ, ಒಂದ. ಇನ್ನೊಂದು ತೋಳಿಂದು."

ಬಟ್ಟೆ ಎಳೆದಾಡುವ ಸದ್ದು ಕೇಳಿತು. ಆಮೇಲೆ ಸಣ್ಣ ದನಿಯಲ್ಲಿ, "ಓಕೆ. ನಾನು ಆ ಇನ್ನೊಂದರಲ್ಲೇ ಇದೀನಿ" ಎಂದಳು. ಫೋನು ಕಟ್ಟಾಯಿತು.

ನನಗೆ ಊಟ ಸೇರಲಿಲ್ಲ. ಮೊದಲ ಗಿರಾಕಿಯೇ ಹೀಗೆ ಸಿಕ್ಕಿಹಾಕಿಕೊಂಡರೆ ಎರಡನೆಯವರು ಎಲ್ಲಿಂದ ಬರಬೇಕು? ಪ್ಯಾಸೇಜಿನಿಂದ ಮಾವನವರು, "ಧಂಧೆ ಹತ್ತಿತೇನವಾ?" ಎಂದು ಕೇಳಿದರು. ಅಷ್ಟರಲ್ಲಿ ಮತ್ತೆ ಅವಳದೇ ಫೋನು. ಈ ಸಲ ಹಿಂದಿನಿಂದ ಹಾಡು, ಗದ್ದಲ ಕೇಳುತ್ತಿತ್ತು.

"ಅಕ್ಕ, ಸೂಪರ್. ಎಲ್ರೂ ಇದನ್ನೇ ನೋಡ್ತಿದಾರೆ. ನಮ್ಮ ಟೀಮ್ ಹುಡುಗೀರಿಗೆಲ್ಲ ಸೇಮ್ ಟು ಸೇಮ್ ಹೀಗೇ ಬೇಕಂತೆ."

ನಾನು ಜೀವ ಬಂದಂತಾಗಿ ಪೆನ್ಸಿಲ್ ಹುಡುಕಿದೆ. "ಹೆಂಗ ತೊಟ್ಟೀರಿ ಸ್ವಲ್ಪ ಬಿಡಿಸಿ ಹೇಳ್ರಿ. ಇನ್ನೊಂದು ಥರ ಅಂತ ಚೀಟೀಗೆ ಸೇರಸ್ತೀನಿ."

"ಅದು ನಂಗೂ ಗೊತ್ತಿಲ್ಲ ಅಕ್ಕ. ನಾನು ಫೋನ್ ಮಾಡಿದ್ದು ಇದನ್ನ ಬಿಚ್ಚೋದು ಹೇಗೆ ಅಂತ ಕೇಳೋಕೆ."

೩. ಉಡಿ ತುಂಬುವ ಹೊತ್ತು

ನಮ್ಮ ಕಡೆ ಬಸುರಿಗೆ ಕುಬಸ ಎಂಬ ಕಾರ್ಯ ಮಾಡುತ್ತಾರೆ. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅವಳ ಉಡಿ ತುಂಬುತ್ತಾರೆ. ಅಂದರೆ ಅವಳು ಸೆರಗು ಒಡ್ಡಬೇಕು, ಅವರು ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣಬೇರು ಹಾಕಬೇಕು. ಇದು ಗೊತ್ತಿರುವವರಿಗೆ ಕ್ಷಮೆ ಇರಲಿ, ಗೊತ್ತಿಲ್ಲದವರಿಗಾಗಿ ಹೇಳಿದೆ.

ನಮ್ಮದೇ ಕಟ್ಟಡದ ಹುಬ್ಬಳ್ಳಿಯವರ ಸೊಸೆಗೆ ಸೀರೆ ಉಟ್ಟರೆ ಉಸಿರು ಕಟ್ಟಿದಂತಾಗುತ್ತಿತ್ತು. ಆದರೆ ತೊಟ್ಟದ್ದು ಹಿರಿಯರಿಗೆ ಸೀರೆಯಂತೆ ಕಾಣಲೇಬೇಕು. ನನ್ನನ್ನು ಕೇಳಿದಳು. ನಾನು ಹೊಟ್ಟೆಯ ಸುತ್ತ ಸಡಿಲ ಮಾಡಿಕೊಳ್ಳಬಹುದಾದ ಹಸಿರು ಗೌನು ಮಾಡಿ, ಮುಂದೆ ನೆರಿಗೆ ಕೂಡಿಸಿ, ಹೆಗಲಿಗೆ ಸೆರಗಿನಂಥ ಒಂದು ಪಟ್ಟಿಯನ್ನು ಟಿಚ್ ಬಟನ್ ಹಾಕಿ ಸೇರಿಸಿದೆ. ಟಿಚ್ ಬಟನ್ ಎಂದರೆ ಒತ್ತಿದರೆ ಟಿಚ್ ಎಂದು ಕೂಡುವ ಗುಂಡಿ. ಕಾರ್ಯ ಮುಗಿದ ಮೇಲೆ ಸೆರಗು ತೆಗೆದಿಟ್ಟರೆ ಆಸ್ಪತ್ರೆಗೂ ಅದೇ ಗೌನು ಆಗುತ್ತಿತ್ತು. ನೋಡಿದವರೆಲ್ಲ ಸೀರೆಯೆಂದೇ ತಿಳಿದರು. ನಾನು ಹಿಂದಿನ ಸಾಲಿನಲ್ಲಿ ಹೆಮ್ಮೆಯಿಂದ ಕುಳಿತೆ.

ನಾನು ಒಂದನ್ನು ಮರೆತಿದ್ದೆ. ಸೆರಗು ನೋಡುವುದಕ್ಕಷ್ಟೇ ಅಲ್ಲ, ಭಾರ ಹೊರುವುದಕ್ಕೂ ಇದೆ. ಮೊದಲನೆಯವರು ಅಕ್ಕಿ, ಕಾಯಿ ಹಾಕಿದರು, ಏನೂ ಆಗಲಿಲ್ಲ. ಎರಡನೆಯವರ ಕಾಯಿ ಬಿದ್ದಾಗ ಹೆಗಲಿನಲ್ಲಿ ‘ಟಿಚ್’ ಎಂದಿತು. ಹುಡುಗಿ ನನ್ನತ್ತ ನೋಡಿದಳು. ಮೂರನೆಯವರಿಗೆ ಮತ್ತೊಂದು ‘ಟಿಚ್’. ಇನ್ನೂ ಮುತ್ತೈದೆಯರು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ದೊಡ್ಡ ದೊಡ್ಡ ಕಾಯಿ.

ನನ್ನ ಚೀಲದಲ್ಲಿ ಹಳೆಯ ಕಾರ್ಖಾನೆಯ ಕಾಲದ ಒಂದು ಸೀಟ್ ಬೆಲ್ಟ್ ಪಟ್ಟಿ, ಕೊಂಡಿ ಸಮೇತ, ಯಾವಾಗಲೂ ಬಿದ್ದಿರುತ್ತದೆ. ಇಂಥವನ್ನು ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಆರತಿ ತಟ್ಟೆ ಸರಿಮಾಡುವವಳಂತೆ ಹಿಂದಿನಿಂದ ಹೋಗಿ, ಸೆರಗನ್ನು ಆ ಪಟ್ಟಿಯೊಳಗೆ ಸೇರಿಸಿ, ಹುಡುಗಿಯ ಹೆಗಲಿನಿಂದ ಸೊಂಟಕ್ಕೆ ತಂದು ಕೊಂಡಿ ಹಾಕಿಬಿಟ್ಟೆ. ‘ಕ್ಲಿಕ್’ ಎಂದಿತು. ಉಳಿದ ಕಾಯಿಗಳೆಲ್ಲ ಸುಖವಾಗಿ ಬಂದು ಬಿದ್ದವು.

ಕೊನೆಗೆ ಬಂದವರು ಮನೆಯ ಅತ್ಯಂತ ಹಿರಿಯ ಅಜ್ಜಿ. ಅಕ್ಕಿ ಹಾಕಿ, ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಕೈಯಾಡಿಸಿ ನೋಡಿದರು.

"ಚಲೋ ಮಾಡೀರಿ. ಪುಣೇದಾಗ ಗಾಡಿ ಭಾಳ. ಕೂಸಿಗೆ ಈಗಿಂದನ ರೂಢಿ ಆಗಲಿ."

೪. ಒಣಗದ ಧೋತ್ರ

ಇಷ್ಟೆಲ್ಲ ಆದರೂ ಧಂಧೆ ಹತ್ತಿತೆಂದು ಹೇಳುವಂತಿರಲಿಲ್ಲ. ಗಿರಾಕಿಗಳು ಬರುತ್ತಿದ್ದರು, ಆದರೆ ಒಬ್ಬೊಬ್ಬರಾಗಿ, ಅದೂ ಹೆಚ್ಚಾಗಿ ಬಿಚ್ಚುವುದು ಹೇಗೆಂದು ಕೇಳಲು. ದಸರೆ ಮುಗಿಯಿತು. ಮಾವನವರು ದಿನಕ್ಕೊಮ್ಮೆ ಮುಂದಿನ ಖೋಲಿಗೆ ಬಂದು, ನನ್ನ ಮೇಜಿನ ಪಕ್ಕ ಗೇಣು ಹಾಕಿ ಅಳೆದು, "ಮಂಚ ಇಲ್ಲಿ ಬರ್ತದ, ಕಾಲು ಆ ಕಡೆ" ಎಂದು ಹೇಳಿ ಹೋಗತೊಡಗಿದರು.

ಆಗ ಒಂದು ದಾರಿ ಕಂಡಿತು. ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ ನಡೆಸುವ ಮರಾಠಿ ಬಾಯಿಯೊಬ್ಬರು (ಇಲ್ಲಿ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ) ರವಿವಾರ ಮನೆಗೇ ಬಂದು ನೋಡುತ್ತೇನೆಂದರು. ಅವರು ಒಪ್ಪಿ ಅಂಗಡಿಯಲ್ಲಿ ಇಟ್ಟುಕೊಂಡರೆ ಖೋಲಿ ಉಳಿಯುತ್ತದೆ, ಇಲ್ಲದಿದ್ದರೆ ಮಂಚ ಬರುತ್ತದೆ. ಅವರಿಗೆ ತೋರಿಸಲು ನನ್ನ ಎಲ್ಲ ಬುದ್ಧಿ ಖರ್ಚು ಮಾಡಿ ಒಂದು ಲಂಗ ಮಾಡಿದ್ದೆ. ಅಚ್ಚ ಬಿಳಿ ಹತ್ತಿ, ಸಣ್ಣ ಹಸಿರು ಅಂಚು. ಒಂದನೆಯ ಥರ ಲಂಗ. ಎರಡನೆಯದು, ನಡುವಿನ ತುದಿಯನ್ನು ಹಿಂದಕ್ಕೆ ಸಿಕ್ಕಿಸಿದರೆ ಕಚ್ಚೆ ಹಾಕಿದಂಥ ಪಾಯಜಾಮ. ಮೂರನೆಯದು ಶಾಲು, ನಾಲ್ಕನೆಯದು ಗೌನು. ಎರಡೂ ಬದಿಗೆ ಆಳವಾದ ಜೇಬು. ಗಂಜಿ ಬಿಡಲೆಂದು ಶನಿವಾರ ಒಗೆದೆ. ಮಳೆ ಇನ್ನೂ ಬಿಟ್ಟಿರಲಿಲ್ಲ, ಬಾಲ್ಕನಿಯಲ್ಲಿ ಜಾಗವಿರಲಿಲ್ಲ, ಪ್ಯಾಸೇಜಿನ ಹಗ್ಗಕ್ಕೆ ಹಾಕಿದೆ.

ರವಿವಾರ ಬಾಯಿ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ನಾನು ಹಗ್ಗದ ಹತ್ತಿರ ಹೋದರೆ ಲಂಗವಿಲ್ಲ.

"ಅತ್ತಿ, ಇಲ್ಲಿದ್ದ ಬಿಳೀ ಅರಿವಿ ನೋಡೀರೇನ್ರೀ?"

"ಬಿಳೀದು ಅಂದ್ರ ನಿಮ್ಮ ಮಾವನ ಧೋತ್ರ. ಒಂದೂ ಒಣಗಿಲ್ಲ ಅಂತ ಬೆಳಿಗ್ಗೆಯಿಂದ ಒದರಾಡಾಕತ್ತಿದ್ರು. ಆಮ್ಯಾಲೆ ಒಂದು ಸಿಕ್ಕಿತು ಅಂತ ಉಟಗೊಂಡು ಹ್ವಾದ್ರಲ್ಲ, ಕಟ್ಟಿ ಕಡೆ."

ಕಟ್ಟೆ ಎಂದರೆ ತೋಟದ ಪಕ್ಕದ ಕಲ್ಲಿನ ಜಗಲಿ. ಬಡಾವಣೆಯ ನಿವೃತ್ತರೆಲ್ಲ ಬೆಳಗ್ಗೆ ಅಲ್ಲಿ ಕೂಡುತ್ತಾರೆ, ಎಲ್ಲರೂ ಮರಾಠಿಗರು. ಹಗ್ಗದ ಮೇಲೆ ಮಾವನವರ ಧೋತ್ರಗಳೆಲ್ಲ ತೊಟ್ಟಿಕ್ಕುತ್ತ ಇದ್ದವು. ಅತ್ತೆಯೂ ನಾನೂ ಅವನ್ನು ನೋಡಿದೆವು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ಸೆರಗನ್ನು ತಮ್ಮ ಬಾಯಿಗೆ ಅಡ್ಡ ಹಿಡಿದರು. ಸೆರಗಿನ ಆ ಉಪಯೋಗವನ್ನು ನಾನು ಮೊದಲು ಗಮನಿಸಿರಲಿಲ್ಲ.

ಬಾಯಿಗೆ ಚಹಾ ಕೊಟ್ಟೆ. ಅವಲಕ್ಕಿ ಕೊಟ್ಟೆ. ಬೇರೆ ಬಟ್ಟೆ ತೋರಿಸಿದೆ. ಅವರು "ಛಾನ್" ಎಂದರು. ಛಾನ್ ಎಂದರೆ ಮರಾಠಿಯಲ್ಲಿ ಚೆಂದ ಎಂದರ್ಥ, ಆದರೆ ಅದನ್ನು ಎದ್ದು ಹೊರಡುವ ಮೊದಲೂ ಹೇಳುತ್ತಾರೆ. ಅವರು ಚೀಲ ಹೆಗಲಿಗೆ ಹಾಕಿಕೊಂಡರು. ಅಷ್ಟರಲ್ಲಿ ಬಾಗಿಲು ತೆರೆದು ಮಾವನವರು ಒಳಗೆ ಬಂದರು.

ನಾನು ಹೇಳಿಬಿಡುತ್ತೇನೆ, ಅವರಿಗೆ ಅದು ಬಹಳ ಚೆನ್ನಾಗಿ ಕೂತಿತ್ತು. ಎರಡನೆಯ ಥರವನ್ನು, ಚೀಟಿ ಓದದೆ, ನಾನು ಚಿತ್ರದಲ್ಲಿ ಬರೆದದ್ದಕ್ಕಿಂತ ನೀಟಾಗಿ ತೊಟ್ಟಿದ್ದರು. ಒಂದು ಜೇಬಿನಿಂದ ಮರಾಠಿ ಪೇಪರು ಇಣುಕುತ್ತಿತ್ತು, ಇನ್ನೊಂದು ಜೇಬು ಶೇಂಗಾದಿಂದ ಉಬ್ಬಿತ್ತು.

ಬಾಯಿ ಚೀಲ ಕೆಳಗಿಟ್ಟರು. "ಕಾಕಾ, ಜರಾ ವಳಾ ಬಘೂ" ಎಂದರು, ಅಂದರೆ ‘ಕಾಕಾ, ಸ್ವಲ್ಪ ತಿರುಗಿರಿ ನೋಡೋಣ’.

ಮಾವನವರು ತಿರುಗಿದರು. ಯಾಕೆ ತಿರುಗಬೇಕೆಂದು ಕೇಳಲಿಲ್ಲ. ಬಾಯಿ ಸುತ್ತು ಹಾಕಿ ನೋಡಿ, ನಡೆಯಲು ತೊಡರುತ್ತದೆಯೇ ಎಂದು ಕೇಳಿದರು. ಮಾವನವರು ಕಿಟಕಿಯವರೆಗೆ ನಡೆದು ಹೋಗಿ ಬಂದು, ಮರಾಠಿಯಲ್ಲೇ ಸಾವಕಾಶವಾಗಿ ವಿವರಿಸಿದರು: ಜಾರುವುದಿಲ್ಲ, ಬಿಚ್ಚುವುದಿಲ್ಲ, ಕಟ್ಟೆಯ ಮೇಲೆ ಕಾಲು ಮಡಚಿ ಕೂತರೂ ಸುಖ, ಮೇಲಾಗಿ ಜೇಬು ಇದೆ, ಇಷ್ಟು ವರ್ಷ ಧೋತ್ರ ಉಟ್ಟರೂ ಜೇಬಿನ ಸುಖ ಕಂಡಿರಲಿಲ್ಲ. ನಾನು ಚೀಟಿಯಲ್ಲಿ ಒಂದು ಪುಟ ಬರೆದರೂ ಇಷ್ಟು ಚೆನ್ನಾಗಿ ಹೇಳಲಾಗಿರಲಿಲ್ಲ. ಬಾಯಿ ನನ್ನ ಕಡೆ ತಿರುಗಿ, ಕಾಕಾ ಮೈಮೇಲಿನದೇ ಮೊದಲು ಬೇಕು, ಅಂಗಡಿಯಲ್ಲಿ ಮುಂದೆಯೇ ಇಡುತ್ತೇನೆ, ದೀಪಾವಳಿಗೆ ಎಷ್ಟು ಹೊಲಿಯಲಾಗುತ್ತದೋ ಅಷ್ಟು ಕೊಡಿ ಎಂದು ಹೇಳಿ ಹೋದರು.

ಅವರು ಮೆಟ್ಟಿಲಿಳಿದು ಹೋಗುವವರೆಗೆ ಕಾದು ಮಾವನವರು ಕೇಳಿದರು, "ಆ ಬಾಯಿಗೆ ಧೋತ್ರ ಯಾಕ ಬೇಕು?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆಯೇ ಹೇಳಿದರು, "ಅದು ಧೋತ್ರ ಅಲ್ರೀ. ಹೆಣ್ಮಕ್ಕಳ ಲಂಗ."

ಮಾವನವರು ತಲೆ ಬಗ್ಗಿಸಿ ತಮ್ಮನ್ನು ತಾವು ನೋಡಿಕೊಂಡರು. ಜೇಬಿಗೆ ಕೈ ಹಾಕಿ, ಒಂದು ಶೇಂಗಾ ತೆಗೆದು, ಸುಲಿದು, ಬಾಯಿಗೆ ಹಾಕಿಕೊಂಡರು.

"ಹಬ್ಬಕ್ಕ ಮಗ ಹೊಸ ನಮೂನೀದು ತಂದಾನ ಅಂತ ತಿಳಕೊಂಡೆ" ಎಂದರು. ಇನ್ನೊಂದು ಶೇಂಗಾ. "ಕಟ್ಟಿ ಮ್ಯಾಲೆ ಎಲ್ಲಾರೂ ನಮಗೂ ಬೇಕು, ಎಲ್ಲಿ ಸಿಗ್ತದ ಅಂದ್ರು. ನಮ್ಮ ಮನ್ಯಾಗ ಕೇಳಿ ತಂದು ಕೊಡ್ತೀನಿ ಅಂತ ಮಾತು ಕೊಟ್ಟು ಬಂದೀನಿ."

ಪ್ಯಾಸೇಜಿನಲ್ಲಿ ಫ್ರಿಜ್ಜು ಗುರ್ರ್ ಎಂದಿತು. ಈ ಸಲ ಮಾವನವರು ಯಾರನ್ನೂ ನೋಡಲಿಲ್ಲ.

"ಮಾವಾರ, ಮತ್ತ ನಿಮ್ಮ ಮಂಚ?" ಎಂದೆ.

"ಮಂಚ ಇಲ್ಲಿ ತಂದ್ರ ಅವರನ್ನೆಲ್ಲ ಎಲ್ಲಿ ನಿಂದ್ರಿಸಿ ಅಳತಿ ತಗೋತಿ?" ಎಂದು ಪ್ಯಾಸೇಜಿನ ಕಡೆ ನಡೆದರು. ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. "ಒಂದು ಮಾತು. ಇದು ಲಂಗ ಅಂತ ಕಟ್ಟಿ ಮಂದೀಗೆ ಜೀವ ಹ್ವಾದ್ರೂ ಗೊತ್ತಾಗಬಾರದು."

ಆ ಮಾತನ್ನು ನಾನು ಇಂದಿನವರೆಗೆ ಉಳಿಸಿಕೊಂಡಿದ್ದೇನೆ. ಕಟ್ಟೆಯವರೆಲ್ಲ ಈಗ ಅದನ್ನೇ ತೊಟ್ಟು ಬಂದು ಸಾಲಾಗಿ ಕೂರುತ್ತಾರೆ, ಕೈಗಳು ಜೇಬಿನಲ್ಲಿ. ಇಲ್ಲಿ ಇಷ್ಟು ಬಿಡಿಸಿ ಬರೆದಿರುವುದು ಒಂದೇ ಧೈರ್ಯದ ಮೇಲೆ. ಅವರಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ.