ಮುಚ್ಚಿದ ಮಿಲ್ಲಿನ ಸೈರನ್

ಎಣ್ಣೆಮಾವನ ಗ್ರಹಚಾರ ಕೆಟ್ಟದ್ದು ಅಂಗೈಯಗಲದ ಒಂದು ಕೆಂಪು ಗುರುತಿನಿಂದ. ಬೆಳಿಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದವನು ಮನೆಯ ಗೋಡೆಯ ಮೇಲೆ ಅದನ್ನು ಕಂಡ. ಯಾರದೋ ತುಂಟತನವಿರಬೇಕೆಂದು ಒದ್ದೆ ಬಟ್ಟೆ ತಂದು ಉಜ್ಜಿದ. ಬಣ್ಣ ಹೋಗಲಿಲ್ಲ, ಗಾರೆ ಉದುರಿತು.

"ಉಜ್ಜಿದ್ರೆ ಹೋಗೋ ಬಣ್ಣ ಅಲ್ಲ ಮಾವ ಅದು," ಎಂದ ಎದುರಂಗಡಿಯ ಕ್ಷೌರಿಕ, ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತ. "ದೊಡ್ಡ ರಸ್ತೆ ಬರ್ತಾ ಇದೆ. ಗುರುತು ಬಿದ್ದ ಮನೆ ಬೀಳುತ್ತೆ."

ಎಣ್ಣೆಮಾವ ಬಟ್ಟೆ ಹಿಡಿದುಕೊಂಡೇ ಕುಸಿದು ಕೂತ. ಮಿಲ್ಲಿನ ಮಗ್ಗಗಳಿಗೆ ಎಣ್ಣೆ ಬಿಡುತ್ತ ತಲೆ ಹಣ್ಣಾದವನು, ಊರಿಗೆಲ್ಲ ಮಾವ. ಮಿಲ್ಲು ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ಗೇಟಿನ ಪಕ್ಕದ ಈ ಎರಡು ಕೋಣೆಯ ಮನೆ ಮಾತ್ರ. ಅದಕ್ಕೂ ಈಗ ಕಲ್ಲು ಬಿತ್ತು. ಒಳಗೆ ಹೆಂಡತಿ ಆಗಲೇ ಪಾತ್ರೆಗಳನ್ನು ಗಂಟು ಕಟ್ಟತೊಡಗಿದಳು. ಗಂಡನ ಅದೃಷ್ಟದ ಮೇಲೆ ಅವಳಿಗೆ ಅಷ್ಟು ನಂಬಿಕೆ.

"ಒಂದು ದಾರಿ ಇದೆ," ಎಂದ ಕ್ಷೌರಿಕ, ಕತ್ತಿಯನ್ನು ಅಲ್ಲೇ ಇಟ್ಟು ಓಡಿ ಬಂದು. "ಇವತ್ತು ಪ್ರವಾಸೋದ್ಯಮದ ಮೇಡಂ ಬರ್ತಾರಂತೆ, ಇಲ್ಲಿ ನೋಡೋಂಥದ್ದು ಏನಾದ್ರೂ ಇದೆಯಾ ಅಂತ. ಇದೆ ಅಂತ ಅವರು ಒಂದು ಮಾತು ಹೇಳಿದ್ರೆ ಸಾಕು, ರಸ್ತೆ ಆ ಕಡೆ ತಿರುಗುತ್ತೆ."

"ನಮ್ಮಲ್ಲಿ ನೋಡೋಂಥದ್ದು ಏನಿದೆಯೋ? ನೋಡಿದ್ರೆ ಅಳು ಬರೋಂಥದ್ದೇ ಎಲ್ಲ."

"ನೀನು ಸುಮ್ನಿರು, ನಾವಿದ್ದೀವಲ್ಲ," ಎನ್ನುತ್ತ ಪಕ್ಕದ ಮನೆಯ ಹಾಜರಿಯೂ ಬಂದ. ಮಿಲ್ಲಿನಲ್ಲಿ ಹಾಜರಿ ಹಾಕುತ್ತಿದ್ದ ಗುಮಾಸ್ತ ಅವನು. ಮಿಲ್ಲು ಹೋದರೂ ಹೆಸರೂ ಗತ್ತೂ ಉಳಿದಿದ್ದವು. 'ನಾವಿದ್ದೀವಲ್ಲ' ಎಂಬ ಮಾತು ಕೇಳಿ ಎಣ್ಣೆಮಾವ ತಲೆಯೆತ್ತಿ ಸೂರಿನ ಕಡೆ ನೋಡಿದ. ಹೋದ ಸಲ ಇವರಿಬ್ಬರೂ ಇದ್ದದ್ದರಿಂದಲೇ, ಸೋರುತ್ತಿದ್ದ ಅವನ ಸೂರು ಪೂರಾ ಕೆಳಗೆ ಬಂದಿತ್ತು.

ಊಟದ ಹೊತ್ತು ಕಳೆದ ಮೇಲೆ ಮೇಡಂ ಬಂದರು. ಮಲ್ಲಿಗೆಯಷ್ಟು ಬಿಳಿ ಬಟ್ಟೆ, ಕಪ್ಪು ಕನ್ನಡಕ, ಹಿಂದೆ ಬಣ್ಣದ ಡಬ್ಬಿ ಹಿಡಿದ ಒಬ್ಬ ಸರ್ವೇಯರ್. ಹಾಜರಿ ಎಲ್ಲರನ್ನೂ ಮಿಲ್ಲಿನ ಹಿಂದಿನ ಒಡೆದ ಗೋಡೆ ದಾಟಿಸಿ ಚಿಮಣಿಯ ಬುಡಕ್ಕೆ ಕರೆದೊಯ್ದ.

"ಒಂದು ಕಾಲದಲ್ಲಿ ಇದರ ಹೊಗೆ ನೋಡ್ಕೊಂಡೇ ಜನ ದಾರಿ ಹುಡುಕ್ತಿದ್ರು ಮೇಡಂ."

"ಹೊಗೆ ಎಲ್ಲಿ?"

"ಬರುತ್ತೆ, ಬರುತ್ತೆ," ಎಂದ ಕ್ಷೌರಿಕ. ಮುಂಚೆಯೇ ಒಲೆಯ ಬಾಯಿಗೆ ಹಳೇ ಟೈರು, ಚಿಂದಿ ಎಲ್ಲ ತುರುಕಿ ಕಡ್ಡಿ ಗೀರಿ ಬಂದಿದ್ದ. ಚಿಮಣಿ ಒಮ್ಮೆ ಕೆಮ್ಮಿತು. ಒಳಗೆ ವರ್ಷಗಟ್ಟಲೆ ಕೂತಿದ್ದ ಮಸಿಯೆಲ್ಲ ಮೇಡಂ ತಲೆಯ ಮೇಲೆ ಇಳಿಯಿತು.

ಮುಖ ತೊಳೆಸಲು ಅವರನ್ನು ಬಣ್ಣದ ಹೊಂಡಕ್ಕೆ ಕರೆದುಕೊಂಡು ಹೋದರು. "ಇದೂ ಇತಿಹಾಸವೇ ಮೇಡಂ," ಎಂದ ಹಾಜರಿ. "ಅವತ್ತು ನೂಲಿಗೆ ಯಾವ ಬಣ್ಣವೋ ನೀರಿಗೂ ಅದೇ. ಒಂದ್ಸಲ ಹಾಲಿನವನ ಎಮ್ಮೆ ಇಳಿದು ನೀಲಿಯಾಗಿ ಮನೆಗೆ ಹೋಯ್ತು. ಅವನು ನನ್ನದಲ್ಲ ಅಂತ ಹೊರಗೆ ಅಟ್ಟಿಬಿಟ್ಟ. ಈಗ ನೀರು ತಿಳಿಯಾಗಿದೆ, ಧೈರ್ಯವಾಗಿ ತೊಳ್ಕೊಳ್ಳಿ."

ತೊಳೆದ ಮೇಲೆ ಮೇಡಂ ಮುಖ ಎಳೆಹಸಿರಾಗಿತ್ತು.

"ನಿಮಗೆ ಒಪ್ಪುತ್ತೆ," ಎಂದ ಕ್ಷೌರಿಕ.

"ನೋಡಿದ್ದು ಸಾಕು," ಎಂದು ಮೇಡಂ ದಡದಡನೆ ಕಾರಿನ ಕಡೆ ನಡೆದರು.

ಮನೆ ಹೋಯಿತು. ಪಾಪಿ ಸಮುದ್ರ ಹೊಕ್ಕರೂ ಮೊಣಕಾಲುದ್ದ ನೀರು. ಆಗ ಗೇಟಿನ ಕಂಬದಲ್ಲಿದ್ದ ಕೈಸೈರನ್ ಎಣ್ಣೆಮಾವನ ಕಣ್ಣಿಗೆ ಬಿತ್ತು. ಮಿಲ್ಲು ಮುಚ್ಚಿದ ಮೇಲೂ ಅವನು ಅದಕ್ಕೆ ತಪ್ಪದೆ ಎಣ್ಣೆ ಬಿಡುತ್ತಿದ್ದ. ಯಾಕೆಂದು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಅವನಿಗೆ ಗೊತ್ತಿರಲಿಲ್ಲ.

"ಮೇಡಂ, ಇದೊಂದು ನೋಡಿ ಹೋಗಿ! ನಮ್ಮಲ್ಲಿ ಕೆಡದೆ ಉಳಿದಿರೋದು ಇದೊಂದೇ!" ಎಂದು ಕೂಗುತ್ತ ಓಡಿಹೋಗಿ ಹಿಡಿಕೆ ತಿರುಗಿಸಿದ.

ಸೈರನ್ ಊರು ನಡುಗುವಂತೆ ಕೂಗಿತು. ಮಿಲ್ಲಿನವರ ಸಾಲುಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಉಂಡು ಮಲಗಿದ್ದ ಮುದುಕರು ಎದ್ದು ಬಂದರು. ಒಬ್ಬನ ಕೈಯಲ್ಲಿ ಖಾಲಿ ಊಟದ ಡಬ್ಬಿ, ಇನ್ನೊಬ್ಬ ಗುಂಡಿ ಹಾಕಿಕೊಳ್ಳುತ್ತ ಓಡುತ್ತಿದ್ದ. ಬೆಳಿಗ್ಗೆಯಿಂದ ಕ್ಷೌರಿಕನಿಗಾಗಿ ಕಾದು ಕೂತಿದ್ದ ಗಿರಾಕಿ ಒಣಗಿದ ನೊರೆಯ ಸಮೇತ ಬಂದ. ಬೀಗ ಹಾಕಿದ ಗೇಟಿನ ಮುಂದೆ ನೂಲುವವರದೊಂದು ಸಾಲು, ನೇಯುವವರದೊಂದು ಸಾಲು, ಯಾರೂ ಹೇಳದೆಯೇ ನಿಂತುಬಿಟ್ಟವು. ಹಾಜರಿಯೂ ಮೇಡಂ ಅವರನ್ನು ಮರೆತು ಸಾಲಿನ ಎದುರು ಹೋಗಿ ನಿಂತ.

"ನೀನು ತಡ. ಅರ್ಧ ದಿನ ಕಟ್," ಎಂದು ನೊರೆಯವನನ್ನು ಗದರಿದ.

"ಇವತ್ತೊಂದಿನ ಬಿಟ್ಬಿಡಿ ಸ್ವಾಮಿ," ಎಂದು ಅವನು ಅಂಗಲಾಚಿದ.

ಸೈರನ್ ನಿಂತಿತು. ಆಗ ಎಲ್ಲರಿಗೂ ಗೇಟಿನ ಬೀಗ ಕಂಡಿತು, ಒಳಗೆ ಆಳೆತ್ತರ ಬೆಳೆದ ಹುಲ್ಲು ಕಂಡಿತು. ಒಬ್ಬರ ಮುಖ ಒಬ್ಬರು ನೋಡಲಾರದೆ ಮುದುಕರು ನೆಲ ನೋಡಿದರು. ಎಣ್ಣೆಮಾವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಮೇಡಂ ಕನ್ನಡಕ ತೆಗೆದರು. ಹಸಿರು ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. "ಇದನ್ನ ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ," ಎಂದು ಅಲ್ಲೇ ಫೋನ್ ತೆಗೆದರು. "ಹಲೋ, ರಸ್ತೆನ ಆ ಕಡೆ ತಿರುಗಿಸಿ. ಹೌದು, ನಾನು ಹೇಳ್ತಿದ್ದೀನಲ್ಲ."

ಕ್ಷೌರಿಕ ಎಣ್ಣೆಮಾವನನ್ನು ಎತ್ತಿ ಕುಣಿಸಿದ. ಸರ್ವೇಯರ್ ಸೀಮೆಎಣ್ಣೆಯಲ್ಲಿ ಕೆಂಪು ಗುರುತನ್ನು ಒರೆಸಿಹಾಕಿದ. ಹೆಂಡತಿ ಗಂಟು ಬಿಚ್ಚಿ ಪಾತ್ರೆಗಳನ್ನು ಮತ್ತೆ ಗೂಡಿನಲ್ಲಿ ಜೋಡಿಸಿದಳು. ಎಷ್ಟೋ ವರ್ಷದ ಮೇಲೆ ಗಂಡನ ಮುಖ ನೋಡಿ ನಕ್ಕಳು ಕೂಡ.

"ದಿನಾ ಬೆಳಿಗ್ಗೆ ಬಸ್ಸುಗಳು ಬರ್ತವೆ," ಎಂದು ಮೇಡಂ ಸುತ್ತ ನೋಡಿದರು. "ನಿಲ್ಲಿಸೋಕೆ ಜಾಗ ಬೇಕಲ್ಲ. ಗೇಟೂ ಕಾಣ್ಬೇಕು, ಸೈರನ್ನೂ ಕಾಣ್ಬೇಕು."

"ಅಂಥ ಜಾಗ ಒಂದೇ ಮೇಡಂ, ಗೇಟಿನ ಪಕ್ಕದ ಈ ಮೂಲೆ!" ಎಂದ ಕ್ಷೌರಿಕ ಹುರುಪಿನಲ್ಲಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಷ್ಟರಲ್ಲಿ ಸರ್ವೇಯರ್ ಇನ್ನೊಂದು ಡಬ್ಬಿ ತೆಗೆದು, ಈಗಷ್ಟೇ ಒರೆಸಿದ್ದ ಜಾಗದಲ್ಲೇ ನೀಲಿ ಗುರುತು ಹಾಕಿದ್ದ.

ಮೇಡಂ ಎಣ್ಣೆಮಾವನ ಕೈ ಹಿಡಿದುಕೊಂಡರು. "ಸೈರನ್ ಮಾತ್ರ ದಿನಾ ನೀವೇ ತಿರುಗಿಸ್ಬೇಕು. ಮನೆ ಹತ್ತಿರದಲ್ಲೇ ಇದೆ ತಾನೆ?"

ಎಣ್ಣೆಮಾವ ಗೋಡೆ ತೋರಿಸಿದ. ನೀಲಿ ಬಣ್ಣ ಇನ್ನೂ ಇಳಿಯುತ್ತಿತ್ತು. ಮೇಡಂ "ಛೆ ಛೆ" ಎಂದು ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ಒಳಗೆ ಪಾತ್ರೆಗಳು ಮತ್ತೆ ಸದ್ದು ಮಾಡತೊಡಗಿದವು.

ಹಾಜರಿ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಎಲ್ಲಿಗೆ ಹೋದ್ರೂ ಹೋಗು ಮಾವ, ಬೇಜಾರಿಲ್ಲ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಂದ್ಬಿಡು. ತಡವಾದ್ರೆ ಅರ್ಧ ದಿನ ಕಟ್."