ಗಾಳೆಮ್ಮನವರ ಮುಖ ಟ್ಯಾಬಿಗೆ ಕಾಣಿಸುವ ಕುರಿತು

ಪಾಲಕರ ಹಾಜರಿ ಹಾಗೂ ಟ್ಯಾಬ್ ಉಸ್ತುವಾರಿ ಉಪಸಮಿತಿ
(ಬಿಸಿಯೂಟದ ಕೋಣೆಯ ಪಕ್ಕ), ಮಸ್ಕಿ ತಾಲ್ಲೂಕು

ಸಂಖ್ಯೆ: ಪಾಹಾ/ಟ್ಯಾಬ್/ಸೆರಗು/೧
ದಿನಾಂಕ: ಶನಿವಾರ, ಸಭೆ ಕೆಟ್ಟ ನಂತರ

ಸುತ್ತೋಲೆ

ವಿಷಯ: ಪಾಲಕರು ಟ್ಯಾಬಿಗೆ ಮುಖ ತೋರಿಸುವಾಗ ಊರಿನ ಹಿರಿಯರು ಎಲ್ಲಿ ಕೂಡತಕ್ಕದ್ದು ಎಂಬ ಬಗ್ಗೆ.

ಉಲ್ಲೇಖ: (೧) ರಾಜಶ್ರೀ ಟೀಚರ್ ಅವರ ಧ್ವನಿ ಸಂದೇಶ, ಅಗಸಿಯ (ಊರಬಾಗಿಲಿನ) ಮೈಕಿನಲ್ಲಿ ಕೇಳಿಬಂದಂತೆ. (೨) ಇಂದಿನ ಪಾಲಕರ ಸಭೆಯ ಗದ್ದಲ.

ಪ್ರಸ್ತಾವನೆ:

ಐದನೇ ತರಗತಿಯ ಅನುಪಮಾಳ ಹೆಸರನ್ನು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕಳಿಸಲು ಸೋಮವಾರ ಕಡೆಯ ದಿನವಾಗಿರುತ್ತದೆ. ರೇಷನ್ ಕಾರ್ಡಿನಲ್ಲಿರುವ ಮನೆಯವರೊಬ್ಬರು ಶಾಲೆಗೆ ಬಂದು ಟ್ಯಾಬಿಗೆ ಮುಖ ತೋರಿಸದ ಹೊರತು ಹೊಸ ಆ್ಯಪು ಹೆಸರನ್ನು ಮುಂದಕ್ಕೆ ಬಿಡುವುದಿಲ್ಲ. ತಂದೆ ರಾಜೇಶ ಹಾಗೂ ತಾಯಿ ಭತ್ತದ ನಾಟಿ ಗುಂಪಿನೊಂದಿಗೆ ಜವಳಗೇರಾಕ್ಕೆ ಹೋಗಿದ್ದು, ಕಾಲುವೆಗೆ ನೀರು ಬಿಟ್ಟಿರುವುದರಿಂದ ನಡುವೆ ಎದ್ದು ಬರುವಂತಿಲ್ಲ. ಹೀಗಾಗಿ ಮನೆಯಲ್ಲಿ ಉಳಿದಿರುವುದು ಅಜ್ಜಿ ಗಾಳೆಮ್ಮನವರ ಮುಖ ಒಂದೇ.

ಈ ಸಂಗತಿಯನ್ನು ಟೀಚರ್ ಅವರು ಪಕ್ಕದ ಮನೆಯ ಸುಭಾನಬಿಯವರ ಮೊಬೈಲಿಗೆ ಕಳಿಸಿದರು. ಆ ಹೊತ್ತಿಗೆ ಗಾಳೆಮ್ಮನವರು ಕಳೆ ತೆಗೆಯಲು ಯಾರ ಹೊಲಕ್ಕೆ ಹೋಗಿದ್ದರೋ ತಿಳಿಯಲಿಲ್ಲ. ಎಮ್ಮೆ ಕಳೆದರೂ ರೇಷನ್ ಬಂದರೂ ಅಗಸಿಯ ಮೈಕಿನಲ್ಲಿ ಹೇಳುವುದು ಈ ಊರಿನ ರೂಢಿ. ಸುಭಾನಬಿಯವರು ಮೊಬೈಲನ್ನು ಮೈಕಿಗೆ ಹಿಡಿದರು. ಹೊಲಹೊಲಕ್ಕೂ ಕೇಳಿದ ಸಂದೇಶ ಇಂತಿದೆ: “ಗಾಳೆಮ್ಮಗ ಹೇಳ್ರಿ. ಶನಿವಾರ ಅನುಪಮಾನ ಕಡೆಯಿಂದ ಯಾರೂ ಬರಲಿಲ್ಲಂದ್ರ ಹುಡುಗಿ ಹೆಸರು ಹೋಗಂಗಿಲ್ಲ.”

ಇದನ್ನು ಕೇಳಿ ಇಂದು ಊರಿಗೆ ಊರೇ ಶಾಲೆಗೆ ಬಂತು. ಮಕ್ಕಳಿಲ್ಲದವರೂ ಬಂದರು. “ಯಾರೂ ಇಲ್ಲಂತ ಹ್ಯಾಂಗಂತೀರಿ, ನಾವು ಸತ್ತೇವೇನು?” ಎಂದು ಊರ ಹಿರಿಯರಾದ ಗದ್ದೆಪ್ಪನವರು ಟ್ಯಾಬನ್ನೇ ಕೇಳಿದರು. ಸರದಿಯಲ್ಲಿ ಎಲ್ಲರೂ ಮುಖ ತೋರಿಸಿದರು. ಟ್ಯಾಬು ಒಬ್ಬರನ್ನೂ ಒಪ್ಪಲಿಲ್ಲ. ಕಡೆಗೆ ಗಾಳೆಮ್ಮನವರು ಬಂದು ನೋಡುತ್ತಾರೆ, ಕೋಣೆಯ ತುಂಬ ಊರ ವಾವೆಯ, ಅಂದರೆ ನೆಂಟಸ್ತಿಕೆಯ ಲೆಕ್ಕದ, ಮಾವಂದಿರು, ಭಾವಂದಿರು. ಸೆರಗನ್ನು ಮೂಗಿನ ತನಕ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಟ್ಯಾಬು ‘ಮುಖ ಕಾಣುತ್ತಿಲ್ಲ’ ಎಂದಿತು. ಹಿರಿಯರು ಇನ್ನೂ ಹತ್ತಿರ ಬಂದು ಧೈರ್ಯ ಹೇಳಿದಷ್ಟೂ ಸೆರಗು ಕೆಳಗಿಳಿದಿರುತ್ತದೆ.

ಆದ ಕಾರಣ, ಸೋಮವಾರ ಮತ್ತೊಮ್ಮೆ ಮುಖ ತೋರಿಸುವ ಸಂಬಂಧ ಈ ಕೆಳಗಿನಂತೆ ತಾಕೀತು ಮಾಡಲಾಗಿದೆ.

೧. ಗಂಡಸರೆಲ್ಲರೂ ಶಾಲೆಯ ಬೇವಿನ ಗಿಡದ ಆಚೆ, ಶಾಲೆಗೆ ಬೆನ್ನು ಮಾಡಿ ಕೂಡತಕ್ಕದ್ದು. ‘ಸಹಾಯಕ್ಕ ಬಂದೇವಿ’ ಎಂಬ ಕಾರಣವನ್ನು ಪುರಸ್ಕರಿಸಲಾಗುವುದಿಲ್ಲ. ಸಹಾಯ ಮಾಡಬಯಸುವವರು ತಮ್ಮ ತಮ್ಮ ಮನೆಯಲ್ಲಿದ್ದು ಮಾಡಬಹುದು.

೨. ‘ಹಿರಿಯರು’ ಎಂದರೆ ವಾವೆಯಲ್ಲಿ ಗಾಳೆಮ್ಮನವರಿಗೆ ಮಾವ ಅಥವಾ ಭಾವ ಆಗತಕ್ಕವರು. ವಿಚಾರಣೆಯಲ್ಲಿ ಊರಿನೊಳಗೆ ಹಾಗಲ್ಲದವರು ಸಿಕ್ಕಿರುವುದಿಲ್ಲ. ಚಹಾದಂಗಡಿಯ ಪಂಪಾಪತಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲವಾದರೂ ಅವರು ಚಿಕ್ಕಮಾವ ಆಗುತ್ತಾರೆಂದು ಗಾಳೆಮ್ಮನವರೇ ತಿಳಿಸಿದ್ದು, ಅವರೂ ಗಿಡದ ಆಚೆಗೇ ಸೇರತಕ್ಕದ್ದು.

೩. ಗಿಡದ ಆಚೆ ಕೂತವರು ಕೆಮ್ಮತಕ್ಕದ್ದಲ್ಲ. ಮನೆಯೊಳಗೆ ಬರುವ ಮುಂಚೆ ಹಿರಿಯರು ಕೆಮ್ಮುವುದೂ, ಕೆಮ್ಮು ಕೇಳಿದೊಡನೆ ಸೆರಗು ತಾನಾಗಿ ಇಳಿಯುವುದೂ ತಲೆತಲಾಂತರದಿಂದ ನಡೆದು ಬಂದಿದೆ. ನಿಜವಾಗಿಯೂ ನೆಗಡಿ ಇರುವವರು ಹಳ್ಳದ ದಾರಿಗೆ ಹೋಗಿ ಕೆಮ್ಮಿ ಬರಬಹುದು.

೪. ಶಾಲೆಗೆ ಜಾಗ ಕೊಟ್ಟ ದಿವಂಗತ ಚನ್ನವೀರ ಗೌಡರ ಫೋಟೊ ಟ್ಯಾಬಿನ ಎದುರು ಗೋಡೆಯಲ್ಲಿದ್ದು, ಅವರೂ ಭಾವ ಆಗಬೇಕಾಗಿರುತ್ತದೆ. ಆ ದಿನದ ಮಟ್ಟಿಗೆ ಫೋಟೊವನ್ನು ಗೋಡೆಯ ಕಡೆ ತಿರುಗಿಸಿ, ನಂತರ ಊದಿನಕಡ್ಡಿ ಹಚ್ಚಿ ತಪ್ಪಾಯಿತೆಂದು ಕೈಮುಗಿಯತಕ್ಕದ್ದು.

೫. ಟ್ಯಾಬು ಗಂಡು ದನಿಯಲ್ಲಿ ‘ಮುಖ ಮೇಲೆತ್ತಿ’ ಎನ್ನುತ್ತದೆ. ಈ ಬಗ್ಗೆ ಗಾಳೆಮ್ಮನವರ ತಕರಾರು: “ಒಳಗ ಯಾವನೋ ಕುಂತಾನ. ಗುರ್ತಿಲ್ಲ ಪರಿಚಯಿಲ್ಲ, ಮುಖ ಎತ್ತು ಅಂತಾನಲ್ರಿ.” ತಕರಾರು ನ್ಯಾಯವಾಗಿದೆ. ಸಿಂಧನೂರಿನ ಮೊಬೈಲ್ ಅಂಗಡಿಯ ಶಿವಕಾಂತ ಅವರನ್ನು ವಿಚಾರಿಸಲಾಗಿ, “ಹೆಣ್ಣು ದನೀನೂ ಐತ್ರಿ ಯಜಮಾನ್ರ, ಆದ್ರ ಅಕಿ ಇಂಗ್ಲಿಷ್ ಅಷ್ಟ ಮಾತಾಡ್ತಾಳ” ಎಂದು ಜವಾಬು ಕೊಟ್ಟಿರುತ್ತಾರೆ. ಆಕೆ ಏನು ಹೇಳಿದರೂ ಗಾಳೆಮ್ಮನವರಿಗೆ ಬೇಸರವಾಗುವ ಸಂಭವ ಇಲ್ಲದ್ದರಿಂದ ಇಂಗ್ಲಿಷ್ ಹೆಣ್ಣಿಗೆ ಮಂಜೂರಾತಿ ನೀಡಲಾಗಿದೆ.

೬. ಹಿಂದೆ ಮೇಷ್ಟ್ರು ಮನೆಯ ಮುಂದೆ ಬಂದು ನಿಂತು ‘ಹುಡುಗೀನ ಕಳಿಸ್ತೀರೇನ್ರಿ’ ಎಂದು ಕೇಳುತ್ತಿದ್ದರು. ಕದದ ಹಿಂದಿನಿಂದ ಬಳೆ ಸಪ್ಪಳವಾದರೆ ಒಪ್ಪಿಗೆ ಎಂದು ತಿಳಿದು ಹೋಗುತ್ತಿದ್ದರು. ಈ ಸೌಲಭ್ಯ ಆ್ಯಪಿನಲ್ಲಿ ಇದೆಯೇ ಎಂದು ಎಲ್ಲ ಕಡೆ ಒತ್ತಿ ನೋಡಲಾಗಿದೆ. ಇರುವುದಿಲ್ಲ.

೭. ಅಧ್ಯಕ್ಷರು ವಾವೆಯಲ್ಲಿ ಎಲ್ಲರಿಗಿಂತ ದೊಡ್ಡ ಭಾವ ಆಗುವುದರಿಂದ ಎಲ್ಲರಿಗಿಂತ ದೂರ ಕೂಡತಕ್ಕದ್ದು. ಸಭೆಯನ್ನು ಅವರು ಅಲ್ಲಿಂದಲೇ, ಮಾತಾಡದೆ ನಡೆಸತಕ್ಕದ್ದು.

(ಸಹಿ)
ಆದೆಪ್ಪ
ಅಧ್ಯಕ್ಷರು, ಉಪಸಮಿತಿ

ಪ್ರತಿಗಳು:
೧. ರಾಜಶ್ರೀ ಟೀಚರ್ ಅವರಿಗೆ, ಟ್ಯಾಬು ಚಾರ್ಜು ಮಾಡಿಡುವ ಕೋರಿಕೆಯೊಂದಿಗೆ.
೨. ಸುಭಾನಬಿಯವರಿಗೆ, ಇದನ್ನು ಮೈಕಿನಲ್ಲಿ ಹಚ್ಚದಂತೆ.
೩. ರಾಜೇಶನಿಗೆ, ಜವಳಗೇರಾ. ಚಿಂತೆ ಬೇಡ, ನಾಟಿ ಮುಗಿಸಿಕೊಂಡೇ ಬರುವುದು.
೪. ಪಂಪಾಪತಿಗೆ, ಗಿಡದ ಆಚೆ ಕೂತವರಿಗೆ ಚಹಾ ಸಲುವಾಗಿ.

ಷರಾ (ಸೋಮವಾರ): ಎಲ್ಲ ಕಲಮುಗಳೂ ಪಾಲನೆಯಾಗಿವೆ. ಯಾರೂ ಕೆಮ್ಮಿರುವುದಿಲ್ಲ. ಇಂಗ್ಲಿಷ್ ಹೆಣ್ಣು ಏನೋ ಅಂದಳು, ಗಾಳೆಮ್ಮನವರು “ಹೂಂ ನಮ್ಮವ್ವ” ಎಂದು ಸೆರಗು ಹಿಂದಕ್ಕೆ ಸರಿಸಿದರು, ಟ್ಯಾಬು ಹಸಿರಾಯಿತು. ಅನುಪಮಾಳ ಹೆಸರು ಹೋಗಿದೆ. ಪರೀಕ್ಷೆ ಲಿಂಗಸುಗೂರಿನಲ್ಲಿದ್ದು, ಕರೆದುಕೊಂಡು ಹೋಗುವವರು ಯಾರೆಂದು ಟೀಚರ್ ವಿಚಾರಿಸಲಾಗಿ ಗಾಳೆಮ್ಮನವರು ಹೇಳಿದ್ದು: “ನಾನ ಹೋಗ್ತೀನ್ರಿ. ಲಿಂಗಸುಗೂರಾಗ ನನಗ ಭಾವ ಆಗೋರು ಯಾರೂ ಇಲ್ಲ. ಎಷ್ಟು ಸಲ ಕೇಳಿದ್ರೂ ಮುಖ ತೋರಸ್ತೀನಿ.”