ನನ್ನ ಹುದ್ದೆಗೆ ಬೆರಳುದ್ದದ ವೈರನ್ನು ನೇಮಿಸಿಕೊಳ್ಳುವ ಕುರಿತು

ಇಂದ,
ವೈರಿಂಗ್ ಕೆಲಸಗಾರ
(ಹಾಜರಾತಿ ಪುಸ್ತಕದಲ್ಲಿ ‘ಎಲೆಕ್ಟ್ರಿಷಿಯನ್’, ಜನರ ಬಾಯಲ್ಲಿ ‘ಕರೆಂಟ್ ಮಾಮ’),
ತಗಡಿನ ಶೆಡ್ಡು, ಅಂಗಳದ ಹಿಂಭಾಗ.

ಗೆ,
ಮಾನ್ಯ ಮ್ಯಾನೇಜರ್ ಸಾಹೇಬರು,
ಹಳೆಯ ಮಣ್ಣುಯಂತ್ರಗಳ ಮಾರಾಟದ ಅಂಗಳ,
ಗಾಜಿನ ಕೋಣೆ, ಮುಂಭಾಗ.

ವಿಷಯ: ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿ, ಆ ಜಾಗಕ್ಕೆ ಬೆರಳುದ್ದದ ಒಂದು ವೈರಿನ ತುಂಡನ್ನು ಖಾಯಂ ಆಗಿ ನೇಮಿಸಿಕೊಳ್ಳುವಂತೆ ಕೋರಿಕೆ.

ಉಲ್ಲೇಖ: (ಅ) ಗುರುವಾರ ಬೆಳಿಗ್ಗೆ ತಾವು ಗಾಜಿನ ಒಳಗಿನಿಂದ ಹೆಬ್ಬೆರಳು ಎತ್ತಿ ಹೊರಡಿಸಿದ ಆದೇಶ.
(ಆ) ಅದು ನನಗೆ ಅರ್ಥವಾಗಲಿಲ್ಲವೆಂದು ಬಾಗಿಲವರೆಗೆ ಬಂದು ಹೊರಡಿಸಿದ ತಿದ್ದುಪಡಿ ಆದೇಶ: “ಒಂದು ವೈರ್ ಹಾಕಿ ಬಿಸಾಕ್ರೀ.”

ಮಾನ್ಯರೇ,

ಹತ್ತೊಂಬತ್ತು ವರ್ಷಗಳಿಂದ ತಮ್ಮ ಅಂಗಳದಲ್ಲಿ ಟೆಸ್ಟ್ ಲ್ಯಾಂಪು ಹಿಡಿದು ಮೊಣಕಾಲೂರಿ ಕುಳಿತಿರುವ ನಾನು, ಎದ್ದು ನಿಂತು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಹೋದ ವಾರ ಹಳದಿ ಯಂತ್ರವೊಂದು ಮರುಮಾರಾಟಕ್ಕೆ ಬಂತು. ಮುಂದೆ ಬಕೆಟ್ಟು, ಹಿಂದೆ ಅಗೆಯುವ ತೋಳು. ಎಂಟು ವರ್ಷದ ಹಿಂದೆ ನಮ್ಮ ಅಂಗಳದಿಂದಲೇ ಹೋದದ್ದು. ದೂರು ಏನೆಂದರೆ, ಕೀಲಿ ತಿರುಗಿಸಿದರೆ ಒಮ್ಮೆ ಸ್ಟಾರ್ಟ್ ಆಗುತ್ತದೆ, ಇನ್ನೊಮ್ಮೆ ಕಮಕ್ ಕಿಮಕ್ ಎನ್ನುವುದಿಲ್ಲ. ಪರಿಹಾರವಾಗಿ ತಾವು ಹೊಸ ಬಣ್ಣ ಹೊಡೆಸಿದಿರಿ. ಬಣ್ಣ ಒಣಗಿದ ಮೇಲೂ ದೋಷ ಹಾಗೇ ಉಳಿದ ಕಾರಣ, ಬುಧವಾರ ನನ್ನನ್ನು ಕರೆಯಲಾಯಿತು.

೨. ನಾನು ಬ್ಯಾಟರಿಯಿಂದ ಶುರುಮಾಡಿ ಜಾಗ ಜಾಗಕ್ಕೂ ಲ್ಯಾಂಪು ಮುಟ್ಟಿಸುತ್ತ ಹೋದೆ. ಹೊಲಕ್ಕೆ ಬಿಟ್ಟ ನೀರು ಎಲ್ಲಿ ನಿಂತಿತೆಂದು ಬದುವಿನ ಮೇಲೆ ನಡೆದು ನೋಡುವ ಹಾಗೆ. ಬ್ಯಾಟರಿಯಲ್ಲಿ ಕರೆಂಟಿತ್ತು. ಫ್ಯೂಸು ದಾಟಿತ್ತು. ಕೀಲಿಯ ಸ್ವಿಚ್ಚನ್ನೂ ದಾಟಿತ್ತು. ಗೇರ್ ಲಿವರಿನ ಬುಡದಲ್ಲಿರುವ ನ್ಯೂಟ್ರಲ್ ಸ್ವಿಚ್ಚಿನ ತನಕ ಬಂದು, ಅಲ್ಲಿಂದಾಚೆ ಒಣಗಿತ್ತು. ತಾವು ಗಾಜಿನ ಕೋಣೆಯಿಂದ ಹೊರಬರುವುದು ಅಪರೂಪವಾದ್ದರಿಂದ ನೆನಪಿಸುತ್ತೇನೆ: ಗಾಡಿ ಗೇರಿನಲ್ಲಿರುವಾಗ ಯಾರಾದರೂ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗಗೊಡದಿರುವುದು, ಅದೊಂದೇ ಆ ಸ್ವಿಚ್ಚಿನ ಕೆಲಸ. ಬೇಡ ಎನ್ನುವುದಕ್ಕೇ ಹುಟ್ಟಿದ ಸಾಮಾನು.

೩. ಪ್ಲಗ್ಗು ಬಿಚ್ಚಿದೆ. ಒಳಗೆ ಕೆರೆಯ ಹೂಳು, ಅದರ ವಾಸನೆ ಸಮೇತ. ಸ್ವಿಚ್ಚಿಗೆ ಹೋಗಬೇಕಾದ ಎರಡು ವೈರುಗಳು ಸ್ವಿಚ್ಚಿನ ಮುಖವನ್ನೇ ನೋಡಿರಲಿಲ್ಲ. ನಡುವೆ ಬೆರಳುದ್ದದ ತುಂಡೊಂದು ಅವನ್ನು ನೇರವಾಗಿ ಜೋಡಿಸಿತ್ತು. ಗೇರಿನಲ್ಲಿರಲಿ ಬಿಡಲಿ, ಎಲ್ಲದಕ್ಕೂ ಹೂಂ. ಈಗ ಆ ತುಂಡೂ ನೀರು ಕುಡಿದು ತಾಮ್ರ ಹಸಿರಾಗಿತ್ತು. ಅಂದರೆ ಕಳ್ಳದಾರಿಯೇ ಕುಸಿದ ಕಾರಣ ಗಾಡಿ ನಿಂತಿತ್ತು. ಸ್ವಿಚ್ಚೋ, ತಿರುಗಿಸಿದರೆ ಒಳಗೆ ಮರಳು ಅಲ್ಲಾಡುವ ಸದ್ದು. ಹೊಸದು ತರಿಸಬೇಕು, ಬರಲು ಆರು ದಿನ ಎಂದು ವರದಿ ಮಾಡಿದೆ.

೪. ಗುರುವಾರ ತಮಗೂ ನನಗೂ ನಡೆದ ಮಾತನ್ನು, ಮುಂದೆ ತಕರಾರು ಬರಬಾರದೆಂದು, ಇದ್ದದ್ದು ಇದ್ದ ಹಾಗೆ ದಾಖಲಿಸುತ್ತೇನೆ.

“ಕರೆಂಟ್ ಮಾಮ, ಕಥೆ ಬೇಡ. ಗಾಡಿ ಸ್ಟಾರ್ಟ್ ಆಗುತ್ತಾ ಇಲ್ವಾ?”

“ವೈರ್ ಹಾಕಿದ್ರೆ ಆಗುತ್ತೆ ಸಾರ್. ಆಗಬಾರದಾಗಲೂ ಆಗುತ್ತೆ.”

“ಸ್ಟಾರ್ಟ್ ಆಗೋದು ಯಾವಾಗಿಂದ್ರೀ ದೋಷ ಆಯ್ತು? ಎಂಟು ವರ್ಷ ವೈರಲ್ಲೇ ಓಡಿಲ್ವಾ? ಸೋಮವಾರ ನಾಲೆ ಕಂಟ್ರಾಕ್ಟರು ಗಾಡಿ ತಗೊಂಡು ಹೋಗ್ತಾರೆ. ಹಳೇ ವೈರ್ ಕೊಳೆತಿದ್ರೆ ಹೊಸ ವೈರ್ ಹಾಕಿ. ಅದಕ್ಕೂ ನಾನೇ ಬರ್ಬೇಕಾ?”

ಬರಬೇಕು ಎನ್ನಲು ಬಾಯಿ ತೆರೆದೆ. ಬಾಗಿಲು ಮುಚ್ಚಿತು. ತಮ್ಮ ಕೋಣೆಯ ಬಾಗಿಲಿನ ಸ್ಪ್ರಿಂಗು ಮಾತ್ರ ಈ ಅಂಗಳದಲ್ಲಿ ಯಾವತ್ತೂ ಕೈಕೊಟ್ಟದ್ದಿಲ್ಲ.

೫. ಆಮೇಲೆ ಸಹಿಗೆಂದು ತಪಾಸಣಾ ಪಟ್ಟಿ ಬಂತು. ‘ಸುರಕ್ಷತಾ ಸ್ವಿಚ್ಚುಗಳು’ ಎಂಬ ಸಾಲಿನ ಮುಂದೆ ಸರಿ ಗುರುತನ್ನು ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಲಾಗಿದೆ. ತಮ್ಮ ದೂರದೃಷ್ಟಿಗೆ ನಮಸ್ಕಾರ. ಗಾಡಿ ಇನ್ನೂ ಗೇಟು ದಾಟಿ ಒಳಬರುವ ಮುಂಚೆಯೇ ಸರಿಯಾಗಿರುವಾಗ ನೋಡಲು ನಾನೇಕೆ? ಆದ್ದರಿಂದಲೇ ಈ ಅರ್ಜಿ. ವೈರಿನ ತುಂಡಿಗೆ ಕನ್ನಡಕ ಬೇಡ, ರಜೆ ಬೇಡ, ಬೆನ್ನುನೋವಿಲ್ಲ. ಯಾರು ಏನು ಹೇಳಿದರೂ ಹೂಂ ಎನ್ನುತ್ತದೆ. ತಾವು ಬಯಸುವ ನೌಕರನ ಗುಣಗಳೆಲ್ಲ ಅದರಲ್ಲಿವೆ. ಜೊತೆಗೆ ಎಂಟು ವರ್ಷದ ಅನುಭವ.

೬. ನಾಲೆ ಕಂಟ್ರಾಕ್ಟರರ ಬಳಿ ಈ ಯಂತ್ರ ಓಡಿಸಲಿರುವವರು ನನ್ನ ಅಕ್ಕನ ಗಂಡ. ಭಾವನಿಗೆ ಮೊಣಕಾಲು ನೋವು. ಬೆಳಿಗ್ಗೆ ಎಂಜಿನ್ ಬಿಸಿಯಾಗುವ ತನಕ ಮೇಲೆ ಹತ್ತುವುದಿಲ್ಲ. ಹಿಂಚಕ್ರದ ಪಕ್ಕ ನೆಲದಲ್ಲೇ ನಿಂತು, ಬಾಗಿಲಿನಿಂದ ಕೈ ಚಾಚಿ ಕೀಲಿ ತಿರುಗಿಸಿ, ಬೀಡಿ ಹಚ್ಚುತ್ತಾರೆ. ಹಾಗೆ ಮಾಡಬೇಡಿ ಎಂದರೆ, “ನ್ಯೂಟ್ರಲ್ ಇಲ್ದೆ ಅದು ಎಲ್ಲಿ ಏಳುತ್ತೆ ಬಿಡೋ” ಎನ್ನುತ್ತಾರೆ. ಗುರುವಾರ ಸಂಜೆ ಅಕ್ಕ ಫೋನು ಮಾಡಿದ್ದಳು. “ನಿಮ್ಮಲ್ಲಿಂದ ಗಾಡಿ ಬರ್ತಿದೆಯಂತೆ. ನೀನು ಮುಟ್ಟಿದ ಗಾಡಿ ಅಂದ್ಮೇಲೆ ನಂಗೆ ಚಿಂತೆ ಇಲ್ಲ ಕಣೋ.” ನಾನು ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ಫೋನಿಟ್ಟೆ.

೭. ಶುಕ್ರವಾರ ಯಂತ್ರದ ಎರಡನೇ ಕೀಲಿ ಕೊಡಲು ಹಿಂದಿನ ಚಾಲಕರು ಬಂದರು. ಗೇಟಿನಿಂದ ಶೆಡ್ಡಿಗೆ ಇರುವ ಎಂಬತ್ತು ಹೆಜ್ಜೆ ನಡೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಎಡಗಾಲು ಪಾದದಿಂದ ಒಳಕ್ಕೆ ತಿರುಗಿತ್ತು. ಹಳೇ ಟೈರಿನ ಮೇಲೆ ಕೂರಿಸಿ ನೀರು ಕೊಟ್ಟೆ.

“ಕಾಲಿಗೇನಾಯ್ತಣ್ಣ?”

“ಇದೇ ಮಹಾರಾಯ. ಕೆಳಗೆ ನಿಂತು ಕೀಲಿ ತಿರುಗಿಸ್ದೆ. ಗೇರಲ್ಲಿತ್ತು, ಹಾರಿ ಬಂದ್ಬಿಡ್ತು. ಚಕ್ರ ಪಾದದ ಮೇಲೇ ಹತ್ತಿ ಇಳೀತು.” ನೀರು ಕುಡಿದು ಲೋಟ ಬೋರಲಿಟ್ಟರು. “ಗಾಡಿದೇನಿಲ್ಲ, ಚಿನ್ನದಂಥ ಗಾಡಿ. ತಪ್ಪು ನಂದೇ. ಮೂರು ವರ್ಷ ಆಯ್ತು, ಹೆಂಡ್ತಿ ಇವತ್ತಿಗೂ ಅದನ್ನೇ ಆಡ್ಕೋತಾಳೆ.”

ಹೋಗುವಾಗ ಆ ಯಂತ್ರದ ಬಕೆಟ್ಟನ್ನು ಎತ್ತಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿದರು.

೮. ಅವರು ಹೋದ ಮೇಲೆ ಆ ಕೊಳೆತ ವೈರನ್ನು ಡೀಸೆಲ್ಲಿನಲ್ಲಿ ತೊಳೆದೆ. ಬುಧವಾರವೇ ಹೆಬ್ಬೆರಳಿಗೆ ಏನೋ ತಾಗಿತ್ತು. ಹೂಳು ಇರಬೇಕೆಂದು ನಾನೇ ನನಗೆ ಹೇಳಿಕೊಂಡಿದ್ದೆ. ಹೂಳಲ್ಲ. ಅದಕ್ಕೆ ಸುತ್ತಿದ್ದ ಕರಿ ಟೇಪಿನ ತುದಿಯನ್ನು ಒಳಕ್ಕೆ ಮಡಚಿ ಸಣ್ಣ ಕಿವಿ ಮಾಡಲಾಗಿತ್ತು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು: “ಖಾಯಂ ಕೆಲಸಕ್ಕೆ ತುದಿ ಒತ್ತಿಬಿಡು. ಮತ್ತೆ ಬಂದು ಬಿಚ್ಚೋ ಕೆಲಸಕ್ಕೆ ಕಿವಿ ಮಡಚು, ಉಗುರಿಗೆ ಸಿಗಲಿ.” ಅವರು ತೀರಿಕೊಂಡು ಹನ್ನೊಂದು ವರ್ಷ. ಈಗ ಟೇಪಿಗೆ ಕಿವಿ ಮಡಚುವವನು ಈ ಅಂಗಳದಲ್ಲಿ ನಾನೊಬ್ಬನೇ. ಎಂಟು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ, ತಾವು ಇದೇ ಮಾತು ಹೇಳಿದಾಗ, “ಇವತ್ತಿಗೆ ಮಾತ್ರ, ನಾಳೆ ಸ್ವಿಚ್ಚು ಹಾಕ್ತೀನಿ” ಎಂದು ಮಡಚಿದ್ದೆ. ಗಾಡಿ ಅವತ್ತೇ ಸಂಜೆ ಹೋಯಿತು. ಪಟ್ಟಿಗೆ ಸಹಿಯೂ ನನ್ನದೇ ಇದ್ದಿರಬೇಕು. ಆದಕಾರಣ, ಮೇಲಿನ ಏಳು ಅಂಶಗಳಲ್ಲಿ ತಮ್ಮ ಮೇಲೆ ಹೊರಿಸಿರುವ ತಾತ್ಸಾರದಲ್ಲಿ ಅರ್ಧ ಭಾಗವನ್ನು ನನ್ನ ಹೆಸರಿಗೆ ವರ್ಗಾಯಿಸಬೇಕಾಗಿ ಕೋರುತ್ತೇನೆ. ಉಳಿದರ್ಧ ತಮ್ಮಲ್ಲೇ ಇರಲಿ.

ಈ ಎಲ್ಲ ಕಾರಣಗಳಿಂದಾಗಿ, ಪ್ಲಗ್ಗನ್ನೂ ಅದರ ಜೊತೆ ಒಂದು ಮೊಳ ವೈರನ್ನೂ ಕತ್ತರಿಸಿ ನನ್ನ ಊಟದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಇನ್ನು ಆ ಜಾಗಕ್ಕೆ ಬೆರಳುದ್ದದ ವೈರು ಸಾಲದು, ಸೋಮವಾರ ಗಾಡಿ ಏಳುವುದಿಲ್ಲ. ಹೊಸ ಸ್ವಿಚ್ಚು ಬಂದ ದಿನ ಡಬ್ಬಿ ತೆರೆಯುತ್ತೇನೆ, ತುದಿ ಒತ್ತಿ ಟೇಪು ಸುತ್ತುತ್ತೇನೆ, ಆಮೇಲೆ ತಾವು ನನ್ನನ್ನು ಮನೆಗೆ ಕಳಿಸಬಹುದು. ಸ್ವಿಚ್ಚು ಬೇಡ, ವೈರೇ ಸಾಕು ಎಂಬುದು ತಮ್ಮ ಅಂತಿಮ ತೀರ್ಮಾನವಾದಲ್ಲಿ, ಕೊನೆಯ ತಪಾಸಣೆಯನ್ನು ತಾವೇ ನಡೆಸಿಕೊಡಬೇಕು: ಗೇರು ಮುಂದಕ್ಕೆ ಹಾಕಿ, ಕೆಳಗಿಳಿದು, ಹಿಂಚಕ್ರದ ಪಕ್ಕ ನಿಂತು, ಕೈ ಚಾಚಿ ಕೀಲಿ ತಿರುಗಿಸುವುದು. ಬೂಟು ಹೊಳಪು ಮಾಡಿಸಿಕೊಂಡು ಬರಬೇಕಾಗಿಲ್ಲ.

ತಮ್ಮ ಅಪ್ಪಣೆಯನ್ನೂ ಆರು ದಿನದ ಮೇಲೆ ಬರುವ ಸ್ವಿಚ್ಚನ್ನೂ ಎದುರು ನೋಡುತ್ತಿರುವ,
ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ವೈರಿಂಗ್ ಕೆಲಸಗಾರ

ಲಗತ್ತುಗಳು:
೧. ತಪಾಸಣಾ ಪಟ್ಟಿ. ಸರಿ ಗುರುತು ಇದೆ, ಸಹಿ ಇಲ್ಲ.
೨. ಬೇಕಾದ ಸ್ವಿಚ್ಚಿನ ನಂಬರು ಬರೆದ ಚೀಟಿ.
೩. ಹುದ್ದೆಯ ಅಭ್ಯರ್ಥಿ: ಕೊಳೆತ ವೈರು, ಟೇಪಿನ ಸಮೇತ. ಕಿವಿ ಹಿಡಿದು ಎಳೆದರೆ ಈಗಲೂ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ.

ಪ್ರತಿಗಳು:
ಅಕ್ಕನಿಗೆ, ಭಾವನನ್ನು ಮೇಲೆ ಹತ್ತಿ ಕೂತೇ ಕೀಲಿ ತಿರುಗಿಸುವಂತೆ ಮಾಡುವ ಸಲುವಾಗಿ.
ಎರಡನೇ ಕೀಲಿ ತಂದುಕೊಟ್ಟ ಚಾಲಕರಿಗೂ ಅವರ ಹೆಂಡತಿಯವರಿಗೂ, ತಪ್ಪು ಅವರದಲ್ಲವೆಂಬ ಮಾಹಿತಿಗಾಗಿ.